ಪೆಂಡ್ರಾಗನ್ ಆಟಕ್ಕೆ 21 ವರ್ಷದ ನೈಟ್ ಒಬ್ಬನನ್ನು ಕಟ್ಟುತ್ತಿದ್ದೇನೆ, ಸಲಹೆ ಬೇಕು

ತುಂಗೆದಡ:
ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರದಿಂದ ನಾವು ನಾಲ್ಕು ಜನ ಪೆಂಡ್ರಾಗನ್ ಆಡಲು ಕೂರುತ್ತಿದ್ದೇವೆ. ಆರ್ಥರ್ ರಾಜನ ಕಥೆಗಳ ಲೋಕದಲ್ಲಿ ಒಬ್ಬೊಬ್ಬರೂ ಒಂದು ಪಾತ್ರವಾಗಿ, ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಆಟ ಇದು. ಆಟ ನಡೆಸುವುದು ನಮ್ಮಕ್ಕ. ಪುಸ್ತಕವೂ ಅವಳದೇ, ಐದನೇ ಆವೃತ್ತಿ. ಇದಕ್ಕೆ ಮುಂಚೆ ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮಾತ್ರ ಆಡಿದ್ದೇನೆ. ಅಲ್ಲಿ ಪಾತ್ರ ಮಾಡಲು ಕೂತರೆ ಮೊದಲ ಪ್ರಶ್ನೆಯೇ ಮಂತ್ರವಾದಿಯೋ, ಕಳ್ಳನೋ, ಕಾದಾಳುವೋ ಅಂತ. ಇಲ್ಲಿ ಆ ಪ್ರಶ್ನೆಯೇ ಇಲ್ಲ. ಎಲ್ಲರೂ ನೈಟ್‌ಗಳೇ, ಅಂದರೆ ಒಬ್ಬ ಒಡೆಯನಿಗೆ ಮಾತು ಕೊಟ್ಟ ಕುದುರೆ ಸವಾರ ಯೋಧರು.

ಕಾಲ ಕ್ರಿ.ಶ. 485. ಜಾಗ ಇಂಗ್ಲೆಂಡಿನ ದಕ್ಷಿಣದ ಸ್ಯಾಲ್ಸ್‌ಬರಿ. ರಾಜ ಊಥರ್, ಆರ್ಥರನ ಅಪ್ಪ. ಆರ್ಥರ್ ಇನ್ನೂ ಹುಟ್ಟಿಲ್ಲ. ನಮ್ಮ ಒಡೆಯ ಸಾರಮ್ ಕೋಟೆಯ ಅರ್ಲ್ ರೊಡೆರಿಕ್. ನನ್ನವನ ಹೆಸರು ಎಲಿಡಿರ್. ಆಗಷ್ಟೇ ನೈಟ್ ಆಗಿರುವ 21ರ ಹುಡುಗ. ಇಷ್ಟು ಗೊತ್ತು.

60 ಅಂಕ ಹಂಚಬೇಕು. ಹೀಗೆ ಬರೆದುಕೊಂಡಿದ್ದೇನೆ: ಗಾತ್ರ 18, ಬಲ 18, ಕೈಚುರುಕು 8, ಗಟ್ಟಿತನ 9, ರೂಪ 7. ಸಿಮ್ರಿಕ್ ಜನ (ಬ್ರಿಟನ್ನಿನ ಮೂಲದವರು) ಅಂತ ಗಟ್ಟಿತನಕ್ಕೆ 3 ಸೇರಿ 12. ಗಾತ್ರ ಮತ್ತು ಬಲ ಕೂಡಿಸಿ 6ರಿಂದ ಭಾಗಿಸಿದರೆ ಏಟಿಗೆ 6 ದಾಳ. ಚೆನ್ನಾಗಿದೆ ಅನ್ನಿಸಿತು.

ಆಮೇಲೆ ಪಾತ್ರದ ವಿವರ ಬರೆಯುವ ಶೀಟಿನ ಮಧ್ಯಕ್ಕೆ ಬಂದೆ. 26 ಗುಣಗಳ ಹೆಸರು, ಜೋಡಿ ಜೋಡಿಯಾಗಿ. ಅಲ್ಲೇ ನಿಂತುಬಿಟ್ಟೆ. ಎರಡು ದಿನದಿಂದ ಆ ಜಾಗ ಹಾಗೇ ಇದೆ. ಇನ್ನೊಂದು ಪ್ರಶ್ನೆ: ಬುದ್ಧಿ ಅನ್ನುವ ಅಂಕ ಎಲ್ಲೂ ಕಾಣಲಿಲ್ಲ. ಪುಟ ತಪ್ಪಿಸಿಕೊಂಡೆನಾ?

ಹಳೇಕುದುರೆ:
ಪುಟ ತಪ್ಪಿಲ್ಲ. ಈ ಆಟದಲ್ಲಿ ಬುದ್ಧಿಗೆ ಅಂಕವೇ ಇಲ್ಲ. ಯೋಚನೆ ಮಾಡುವುದು ನೀವು, ಆಟಗಾರರು. ಅವನ ಮನಸ್ಸು ಯಾವ ಕಡೆ ವಾಲುತ್ತದೆ ಅನ್ನುವುದನ್ನು ಮಾತ್ರ ಶೀಟ್ ಹೇಳುತ್ತದೆ. ಗ್ರೆಗ್ ಸ್ಟ್ಯಾಫರ್ಡ್ 1985ರಲ್ಲಿ ಕೇಯಾಸಿಯಂ ಕಂಪನಿಯಿಂದ ಇದನ್ನು ತಂದಾಗ ಮಾಡಿದ ದೊಡ್ಡ ಕೆಲಸವೇ ಇದು ಅಂತ ನನ್ನ ಅಭಿಪ್ರಾಯ. ನೀವು ನಿಂತುಬಿಟ್ಟ ಆ ಮಧ್ಯದ ಜಾಗವೇ ಆಟ. ಉಳಿದದ್ದು ಅದರ ಸುತ್ತ ಕಟ್ಟಿದ ಬೇಲಿ.

ಹಾಗಾಗಿ ಒಂದು ಮಾತು ಕೇಳಿ. ಅಂಕಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಜ್ಜನಿಂದ ಶುರು ಮಾಡಿ.

ನಿಮ್ಮ ಪುಸ್ತಕದಲ್ಲೇ ಮನೆತನದ ಇತಿಹಾಸದ ಪಟ್ಟಿ ಇದೆ. 439ರಿಂದ ವರ್ಷ ವರ್ಷವೂ ದಾಳ ಹಾಕುತ್ತಾ ಬರಬೇಕು. ಮೊದಲು ಅಜ್ಜ, ಆಮೇಲೆ ಅಪ್ಪ. ಯಾವ ಯುದ್ಧಕ್ಕೆ ಹೋದರು, ಯಾರ ಕೈಲಿ ಸತ್ತರು, ಏನು ಹೆಸರು ಮಾಡಿದರು ಎಲ್ಲ ಅಲ್ಲೇ ಬರುತ್ತದೆ. ಅಪ್ಪನ ಗ್ಲೋರಿಯಲ್ಲಿ, ಅಂದರೆ ಗಳಿಸಿದ ಹೆಸರಿನ ಅಂಕದಲ್ಲಿ, ಹತ್ತನೇ ಒಂದು ಪಾಲು ಮಗನಿಗೆ ಬರುತ್ತದೆ. ನೈಟ್ ಆದದ್ದಕ್ಕೆ 1000 ಬೇರೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದು ಒಬ್ಬನ ಕಥೆ ಅಲ್ಲ. ದೊಡ್ಡ ಕ್ಯಾಂಪೇನ್, ಅಂದರೆ ಕೂಟದಿಂದ ಕೂಟಕ್ಕೆ ಮುಂದುವರಿಯುವ ಉದ್ದ ಕಥೆ, 485ರಿಂದ 566ರವರೆಗೆ ನಡೆಯುತ್ತದೆ. ಸಾಮಾನ್ಯವಾಗಿ ಒಂದು ಕೂಟಕ್ಕೆ ಒಂದು ವರ್ಷ. ಆರ್ಥರ್ ಕಲ್ಲಿನಿಂದ ಕತ್ತಿ ಎಳೆಯುವುದು 510ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಎಲಿಡಿರ್‌ಗೆ 46. 35 ದಾಟಿದ ಮೇಲೆ ಪ್ರತಿ ಚಳಿಗಾಲ ಮುಪ್ಪಿನ ದಾಳ ಹಾಕಬೇಕು. ಆರ್ಥರನ ಸಭೆಯಲ್ಲಿ ಕೂರುವವನು ಬಹುಶಃ ಅವನ ಮಗ. ನನ್ನ ಮೊದಲ ನೈಟ್ 26ಕ್ಕೇ ಹೋದ. ಅವನ ತಮ್ಮನನ್ನು ಹಿಡಿದು ಆಡಿದೆ, ಆಮೇಲೆ ತಮ್ಮನ ಮಗಳು. ಆ ಮನೆಯವರನ್ನೆಲ್ಲ ನಾನು ಇವತ್ತಿಗೂ ಹೆಸರು ಹಿಡಿದು ಹೇಳಬಲ್ಲೆ.

ಗೆರೆಹಾಳೆ:
18-18 ಬಗ್ಗೆ ಒಂದು ಮಾತು. ಗಾತ್ರ ಜಾಸ್ತಿ ಇಟ್ಟದ್ದು ತಪ್ಪಲ್ಲ. ಏಟು ಗಾತ್ರಕ್ಕಿಂತ ಕಡಿಮೆ ಇದ್ದರೆ ಬೀಳುವ ಭಯ ಇಲ್ಲ, ಮತ್ತೆ 21 ಆದ ಮೇಲೆ ಗಾತ್ರ ಬೆಳೆಯುವುದಿಲ್ಲ. ಆದರೆ ಬಲಕ್ಕೆ ಅಷ್ಟು ಸುರಿಯಬೇಡಿ. ಕುದುರೆ ಓಡಿಸಿಕೊಂಡು ಈಟಿ ಗುರಿಯಿಟ್ಟು ನುಗ್ಗುವಾಗ ಲೆಕ್ಕಕ್ಕೆ ಬರುವುದು ಕುದುರೆಯ ಏಟು, ನಿಮ್ಮದಲ್ಲ. ಚಾರ್ಜರ್ ಅನ್ನುವ ಯುದ್ಧದ ಕುದುರೆಗೆ 6 ದಾಳ. ಬಡಕಲು ಹುಡುಗ ಕೂತರೂ 6, ದೈತ್ಯ ಕೂತರೂ 6.

ಗಟ್ಟಿತನ 12 ಅಂದರೆ ಒಂದೇ ಏಟಿಗೆ 12 ಒಳಗಿಳಿದರೆ ದೊಡ್ಡ ಗಾಯ. ಚೈನ್ ಮೇಲ್ (ಕಬ್ಬಿಣದ ಬಳೆಗಳ ಕವಚ) 10 ತಡೆಯುತ್ತದೆ, ಗುರಾಣಿ 6. ಆದರೂ ಬ್ರಿಟನ್ ಮೇಲೆ ದಂಡೆತ್ತಿ ಬಂದ ಸ್ಯಾಕ್ಸನ್ನರ ದೊಡ್ಡ ಕೊಡಲಿ ಒಂದು ಸಲ ಸರಿಯಾಗಿ ಬಿದ್ದರೆ ಮುಗೀತು. ನಾನಾದರೆ ಗಾತ್ರ 16, ಬಲ 14, ಕೈಚುರುಕು 10, ಗಟ್ಟಿತನ 11, ರೂಪ 9 ಅಂತ ಹಂಚುತ್ತೇನೆ. 3 ಸೇರಿ ಗಟ್ಟಿತನ 14. ಜೀವ 30, ಏಟಿಗೆ 5 ದಾಳ. ಒಂದು ದಾಳ ಕಳೆದುಕೊಂಡು ಮನುಷ್ಯನಾದ.

ತುಂಗೆದಡ:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಕ್ಕನ ಜೊತೆ ಕೂತು ಅಜ್ಜನಿಗೂ ಅಪ್ಪನಿಗೂ ದಾಳ ಹಾಕಿದೆ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಅಜ್ಜ 463ರಲ್ಲಿ ಸತ್ತ. ನೀಳ ಚೂರಿಗಳ ರಾತ್ರಿಯಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಟದಲ್ಲಿ ಇದಕ್ಕೆ ಇಸವಿ ಇದೆ, ಆದರೆ ಕಥೆ ಮಾತ್ರ ತುಂಬಾ ಹಳೆಯದು. 12ನೇ ಶತಮಾನದಲ್ಲೇ ಮಾನ್ಮತ್‌ನ ಜೆಫ್ರಿ ಬರೆದಿಟ್ಟಿದ್ದಾನೆ. ಸ್ಯಾಕ್ಸನ್ ನಾಯಕ ಹೆಂಗಿಸ್ಟ್ ಶಾಂತಿ ಮಾತುಕತೆಗೆ ಅಂತ ಬ್ರಿಟನ್ನರ ಮುಖಂಡರನ್ನು ಕರೆಸುತ್ತಾನೆ. ಯಾರೂ ಆಯುಧ ತರಬಾರದು ಅಂತ ಒಪ್ಪಂದ. ಬ್ರಿಟನ್ನರು ಬರಿಗೈಲಿ ಬರುತ್ತಾರೆ. ಸ್ಯಾಕ್ಸನ್ನರ ಬೂಟಿನೊಳಗೆ ಚೂರಿ. ಹೆಂಗಿಸ್ಟ್ ಒಂದು ಕೂಗು ಹಾಕುತ್ತಾನೆ, ಪಕ್ಕದಲ್ಲಿದ್ದವನೇ ಪಕ್ಕದವನಿಗೆ ಇರಿಯುತ್ತಾನೆ.

ಅಪ್ಪ ಸ್ಯಾಕ್ಸನ್ನರ ಜೊತೆಗಿನ ಒಂದು ಯುದ್ಧದಲ್ಲಿ ಹೋದ. ಹಾಗಾಗಿ ಸ್ಯಾಕ್ಸನ್ ದ್ವೇಷ ಅನ್ನುವ ಪ್ಯಾಶನ್ (ಅಂಕ ಇರುವ ಒಂದು ಗಾಢ ಭಾವನೆ) ಬಂತು, ದಾಳದಲ್ಲಿ 13. ಗೆರೆಹಾಳೆ ಹೇಳಿದ ಹಂಚಿಕೆಯನ್ನೇ ಇಟ್ಟುಕೊಂಡೆ. ಈಗ ಒಂದು ಗುಣ 16ಕ್ಕೆ ಏರಿಸಬಹುದು. ಅನುಮಾನ 16 ಅಂತ ಬರೆಯೋಣ ಅಂದುಕೊಂಡಿದ್ದೇನೆ. ಅಜ್ಜನಿಗೆ ಆದದ್ದು ನೋಡಿದರೆ ಅದೇ ಸಹಜ, ಅಲ್ವಾ?

ಮಳೆಗಾಲದಮನೆ:
ತುಂಗೆದಡ ಅವರೇ, 16 ಬರೆಯುವ ಮೊದಲು ಆ ಅಂಕಿ ಏನು ಮಾಡುತ್ತದೆ ಅಂತ ನಮ್ಮ ಮೇಜಿನ ಒಂದು ಘಟನೆಯಿಂದ ಹೇಳುತ್ತೇನೆ.

13 ಜೋಡಿ. ಪ್ರತಿ ಜೋಡಿಯೂ ಸೇರಿದರೆ 20. ಕರುಣೆ 16 ಅಂದರೆ ಕ್ರೌರ್ಯ 4. 15ರವರೆಗೆ ನಿಮ್ಮ ನೈಟ್ ಹೆಚ್ಚೂಕಡಿಮೆ ನೀವು ಹೇಳಿದಂತೆ ಕೇಳುತ್ತಾನೆ. 16 ಮುಟ್ಟಿದರೆ ಊರಿಗೆಲ್ಲ ಗೊತ್ತಾಗುವ ಗುಣ ಅದು. ಪ್ರತಿ ವರ್ಷ ಅದಕ್ಕೇ ಗ್ಲೋರಿ ಬರುತ್ತದೆ. ಆದರೆ ಇಕ್ಕಟ್ಟಿನ ಹೊತ್ತಿಗೆ ಆಟ ನಡೆಸುವವರು "ದಾಳ ಹಾಕು" ಅನ್ನಬಹುದು. 20 ಮುಖದ ದಾಳ, 16ರ ಒಳಗೆ ಬಿದ್ದರೆ ನೀವು ಹಾಗೇ ನಡೆದುಕೊಳ್ಳಬೇಕು. ತಪ್ಪಿದರೆ ಎದುರು ಗುಣಕ್ಕೆ ಹಾಕಬೇಕು. ಎರಡೂ ತಪ್ಪಿದರೆ ನಿಮ್ಮಿಷ್ಟ.

ನನ್ನ ನೈಟ್‌ಗೆ ಕರುಣೆ 16 ಇತ್ತು. ಏವನ್ ನದಿ ದಡದಲ್ಲಿ ಒಂದು ಸ್ಯಾಕ್ಸನ್ ಗುಂಪನ್ನು ಅಟ್ಟಿಕೊಂಡು ಹೋಗಿದ್ದೆವು. ಒಬ್ಬನನ್ನೂ ಬಿಡಬಾರದು ಅಂತ ಒಡೆಯನ ಆಜ್ಞೆ. ಕೊನೆಗೆ ಸಿಕ್ಕಿದ್ದು ಹದಿನಾಲ್ಕು ಹದಿನೈದರ ಹುಡುಗ. ಮೊಣಕಾಲವರೆಗೆ ನೀರಲ್ಲಿ ನಿಂತು ಕೊಡಲಿ ಕೆಳಗೆ ಹಾಕಿದ. ನಮ್ಮ ಆಟ ನಡೆಸುವವರು ಕರುಣೆಗೂ ಒಡೆಯನ ನಿಷ್ಠೆಗೂ ಒಟ್ಟಿಗೇ ದಾಳ ಹಾಕಿಸಿದರು. ನಿಷ್ಠೆ 15. ಇಂಥ ಕಡೆ ಎರಡೂ ಗೆದ್ದರೆ, ದೊಡ್ಡ ಅಂಕಿ ಬಿದ್ದದ್ದು ಮೇಲು. ನಿಷ್ಠೆಗೆ 5 ಬಿತ್ತು. ಕರುಣೆಗೆ 7.

ಯಾರೂ ಮಾತಾಡಲಿಲ್ಲ. ನಾನು "ಓಡು" ಅಂದೆ. ಮೇಜಿನ ಎದುರು ಕೂತ ಗೆಳತಿಯ ನೈಟ್‌ನ ಅಣ್ಣನನ್ನು ಕೊಂದದ್ದು ಅದೇ ಗುಂಪು. ಅವಳು ನನ್ನ ಮುಖ ನೋಡಿದ್ದು ಈಗಲೂ ಕಣ್ಣ ಮುಂದಿದೆ. ಒಡೆಯ ನನ್ನನ್ನು ಒಂದು ವರ್ಷ ಊಟದ ಮೇಜಿನ ಕೊನೆಯಲ್ಲಿ ಕೂರಿಸಿದ. ಆ ಚಳಿಗಾಲದಲ್ಲಿ, ಗುಣ ಬೆಳೆಯಿತಾ ಅಂತ ನೋಡಲು, ಕರುಣೆಗೆ ದಾಳ ಹಾಕಿದಾಗ 18 ಬಿತ್ತು. 16 ಮೀರಿತಲ್ಲ, ಹಾಗಾಗಿ ಕರುಣೆ 17 ಆಯಿತು. ಅವನು ಇನ್ನೂ ಮೆತ್ತಗಾದ.

ಈಗ ನಿಮ್ಮ ಅನುಮಾನ 16. ಅದು ಅವನನ್ನು ಕಾಪಾಡುತ್ತದೆ, ನಿಜ. ಆದರೆ ಯಾರ ಮನೆಗೂ ಹೋಗುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ. 21ರ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗಾಗುತ್ತದೆ.

ಎರಡನೇಪಾಳಿ:
ನನಗೆ ಈ ನಿಯಮವೇ ಒಪ್ಪಿಗೆಯಿಲ್ಲ. ನನ್ನ ಪಾತ್ರ ಏನು ಮಾಡಬೇಕು ಅಂತ ದಾಳ ಯಾಕೆ ಹೇಳಬೇಕು? ಕೆಲಸ ಮುಗಿಸಿ ರಾತ್ರಿ ಮೂರು ಗಂಟೆ ಆಡಲು ಕೂರುವವನು ನಾನು. ಆ ಮೂರು ಗಂಟೆಯಲ್ಲಾದರೂ ನನ್ನ ನಿರ್ಧಾರ ನನ್ನದಾಗಿರಲಿ. ಹಿಂದೆ ಒಂದು ಗುಂಪಿನಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಗುಣದ ದಾಳ ಹಾಕಿಸುತ್ತಿದ್ದರು. ಊಟ ಮಾಡಲೂ ದಾಳ, ಮಾತಾಡಲೂ ದಾಳ. ಎರಡು ವಾರಕ್ಕೆ ಬಿಟ್ಟೆ.

ಹಳೇಕುದುರೆ:
ಆ ಗುಂಪು ಮಾಡಿದ್ದು ತಪ್ಪು. ನಿಮ್ಮ ಬೇಸರ ಸರಿಯಾಗೇ ಇದೆ. ದಾಳ ಇರುವುದು ಇಕ್ಕಟ್ಟಿನ ಹೊತ್ತಿಗೆ. ಸಾರು ಬಡಿಸಿಕೊಳ್ಳಲು ಅಲ್ಲ.

ಆದರೂ ಒಂದು ಮಾತು ಹೇಳುತ್ತೇನೆ. ಆರ್ಥರ್ ಕಥೆಗಳು ಹುಟ್ಟಿದ್ದೇ ಜನ ತಮ್ಮ ಮನಸ್ಸನ್ನು ತಡೆಯಲಾಗದೆ ಹೋದಾಗ. ಆರ್ಥರನ ಸೋದರಳಿಯ ಗವೇನ್‌ನನ್ನು ನೋಡಿ. ತಮ್ಮ ಗ್ಯಾರೆತ್ ಅಂದರೆ ಪ್ರಾಣ. ರಾಣಿ ಗ್ವಿನೆವಿಯರ್‌ಳನ್ನು ಬಿಡಿಸಿಕೊಂಡು ಹೋಗುವ ಗದ್ದಲದಲ್ಲಿ ಆರ್ಥರನ ನೈಟ್ ಲಾನ್ಸ್‌ಲಾಟ್ ಯಾರೆಂದು ನೋಡದೆ ಗ್ಯಾರೆತ್‌ನನ್ನೇ ಹೊಡೆದು ಹಾಕುತ್ತಾನೆ. ಗ್ಯಾರೆತ್ ಮೈಮೇಲೆ ಕವಚವೂ ಇರಲಿಲ್ಲ. ಅವನನ್ನು ನೈಟ್ ಮಾಡಿದವನೇ ಲಾನ್ಸ್‌ಲಾಟ್. ಗವೇನ್‌ಗೆ ಇದೆಲ್ಲ ಗೊತ್ತು. ಲಾನ್ಸ್‌ಲಾಟ್ ಬೇಕೆಂದು ಕೊಂದಿಲ್ಲ ಅಂತಲೂ ಗೊತ್ತು. ಆದರೂ ಕ್ಷಮಿಸಲು ಆಗುವುದಿಲ್ಲ. ಒಳ್ಳೆಯವನೇ, ಬುದ್ಧಿವಂತನೇ. ಆ ಒಂದು ಸೇಡಿಗೆ ರಾಜ್ಯವೇ ಹೋಗುತ್ತದೆ.

ಶೀಟಿನಲ್ಲಿ ಬರೆದರೆ ಇದು ಮನೆಯವರ ಪ್ರೀತಿ ಮತ್ತು ಸೇಡು, ಎರಡು ಅಂಕಿ. ಆಟಗಾರ ಗವೇನ್ ಆಗಿದ್ದರೆ "ಹೋಗಲಿ ಬಿಡು" ಅಂದುಬಿಡುತ್ತಿದ್ದ. ಅಂಕಿ ಬಿಡುವುದಿಲ್ಲ. ಮತ್ತೆ ಆ ಅಂಕಿಯನ್ನು ಯಾರೂ ನಿಮ್ಮ ಮೇಲೆ ಹೇರಿಲ್ಲ. ಮೊದಲ ದಿನ ನೀವೇ ಬರೆದದ್ದು, ವರ್ಷ ವರ್ಷ ನೀವೇ ನಡೆದು ಬೆಳೆಸಿದ್ದು. ಬೇಡ ಅನ್ನಿಸಿದರೆ 15ಕ್ಕೇ ನಿಲ್ಲಿಸಿ. ಯಾರೂ ಏನೂ ಅನ್ನುವುದಿಲ್ಲ.

ಎರಡನೇಪಾಳಿ:
15ಕ್ಕೆ ನಿಲ್ಲಿಸಬಹುದು ಅನ್ನುವುದು ಒಪ್ಪುತ್ತೇನೆ. ಉಳಿದದ್ದು ಇನ್ನೂ ಒಪ್ಪಿಲ್ಲ. ಆದರೆ ಗವೇನ್ ವಿಷಯ ಯೋಚನೆಗೆ ಹಚ್ಚಿತು.

ಶಾಸನಪ್ರಿಯ:
ಒಡೆಯನ ನಿಷ್ಠೆ 15 ಅಂತ ಎಲ್ಲರಿಗೂ ಸಿಗುತ್ತದಲ್ಲ, ಅದರ ಬಗ್ಗೆ. ನಮಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಜೋಳವಾಳಿ ಅನ್ನುವ ಮಾತು ನಮ್ಮಲ್ಲಿದೆ. ಉಂಡ ಅನ್ನದ ಋಣ. ಹಳೇಬೀಡಿನ ದೇವಸ್ಥಾನದ ಹತ್ತಿರ ಕುವರ ಲಕ್ಷ್ಮನ ಶಾಸನದ ಕಂಬ ನೋಡಿದವರಿಗೆ ಗೊತ್ತು. ಎರಡನೇ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ ಲಕ್ಷ್ಮ, ಹೆಂಡತಿ, ಜೊತೆಗಾರರು ಎಲ್ಲರೂ ಪ್ರಾಣ ಬಿಟ್ಟರು.

ಆದರೆ ನೈಟ್‌ನನ್ನು ಗರುಡನ ಹಾಗೆ ಆಡಬೇಡಿ. ಇಲ್ಲಿ ತಪ್ಪು ಮಾಡುವುದು ಸುಲಭ. ಗರುಡ ದೊರೆಯ ಜೊತೆ ಸಾಯಲು ಮಾತು ಕೊಟ್ಟವನು. ನೈಟ್ ಹಾಗಲ್ಲ. ಅವನು ಮೊಣಕಾಲೂರಿ ಎರಡೂ ಕೈ ಜೋಡಿಸುತ್ತಾನೆ. ಒಡೆಯ ಆ ಕೈಗಳನ್ನು ತನ್ನ ಎರಡು ಅಂಗೈ ನಡುವೆ ಹಿಡಿದುಕೊಳ್ಳುತ್ತಾನೆ. ಮಾತು ಎರಡೂ ಕಡೆಯಿಂದ. ಇವನು ಸೇವೆ ಮಾಡಬೇಕು, ಅವನು ಕಾಯಬೇಕು, ನೆಲ ಕೊಡಬೇಕು. ಒಡೆಯ ಸತ್ತರೆ ನೈಟ್ ಬದುಕಿ ಅವನ ಮಗನ ಮುಂದೆ ಮತ್ತೆ ಮೊಣಕಾಲೂರಬೇಕು. ಮಗ ತೊಟ್ಟಿಲಲ್ಲಿದ್ದರೂ ಸರಿ.

ಇನ್ನೊಂದು, ಧರ್ಮ ಆರಿಸುವಾಗ ಸುಮ್ನೆ ಟಿಕ್ ಹಾಕಬೇಡಿ. ಕ್ರೈಸ್ತ ನೈಟ್‌ಗೆ ವಿನಯ ಸದ್ಗುಣ. ಪೇಗನ್ (ಹಳೆಯ ದೇವರುಗಳನ್ನು ಪೂಜಿಸುವ) ನೈಟ್‌ಗೆ ಹೆಮ್ಮೆ ಸದ್ಗುಣ. ಒಂದೇ ಯುದ್ಧ ಗೆದ್ದು ಒಂದೇ ಸಭೆಗೆ ಬಂದಾಗ ಒಬ್ಬ ತಲೆ ತಗ್ಗಿಸಬೇಕು, ಇನ್ನೊಬ್ಬ ಎದ್ದು ನಿಂತು ತಾನು ಮಾಡಿದ್ದನ್ನು ಹೇಳಿಕೊಳ್ಳಬೇಕು. ಇಬ್ಬರೂ ಸರಿಯೇ.

ಮಳೆಗಾಲದಮನೆ:
ಅನುಮಾನಕ್ಕೆ ವಾಪಸ್ ಬರುತ್ತೇನೆ, ರಾತ್ರಿಯಿಡೀ ತಲೆಯಲ್ಲಿ ಅದೇ ಇತ್ತು. ಎದುರು ಕಡೆ ಬರೆದರೆ? ನಂಬಿಕೆ 16, ಅನುಮಾನ 4.

ಅಜ್ಜ ಹೇಗೆ ಸತ್ತ ಅನ್ನುವುದಕ್ಕಿಂತ ಆ ಮನೆಯವರು ಅದನ್ನು ಹೇಗೆ ಹೇಳಿಕೊಂಡು ಬಂದರು ಅನ್ನುವುದು ಮುಖ್ಯ. ಅಜ್ಜ ಆಯುಧ ತರುವುದಿಲ್ಲ ಅಂತ ಮಾತು ಕೊಟ್ಟ. ತರಲಿಲ್ಲ. ಮೋಸ ಮಾಡಿದ್ದು ಎದುರಿನವರು. ಎಲಿಡಿರ್ ಚಿಕ್ಕವನಿದ್ದಾಗಿನಿಂದ ಅಜ್ಜಿ ಬಾಯಲ್ಲಿ ಕೇಳಿರುವುದು ಒಂದೇ ಮಾತು: "ಅವರ ಬೂಟಿನಲ್ಲಿ ಚೂರಿ ಇತ್ತು. ನಿನ್ನಜ್ಜನ ಬೂಟಿನಲ್ಲಿ ಇರಲಿಲ್ಲ." ಆ ಮನೆಗೆ ಅದೇ ಮರ್ಯಾದೆ. ನಂಬಿದವನು ತಲೆ ಎತ್ತಿ ಸತ್ತ. ಅನುಮಾನ ಪಟ್ಟರೆ ಅಜ್ಜನಿಗೆ ಅವಮಾನ.

ಆತಿಥ್ಯದ ಪ್ಯಾಶನ್ ಬೇರೆ ಎಲ್ಲರಿಗೂ 15 ಇದ್ದೇ ಇದೆ. ಜೊತೆಗೆ ಸ್ಯಾಕ್ಸನ್ ದ್ವೇಷ 13. ಮೂರೂ ಒಂದೇ ಎದೆಯಲ್ಲಿ. ಒಬ್ಬ ಸ್ಯಾಕ್ಸನ್ ಬಾಗಿಲು ತೆರೆದು "ಒಳಗೆ ಬಾ" ಅಂದರೆ ಈ ಹುಡುಗ ಏನು ಮಾಡುತ್ತಾನೆ?

ತುಂಗೆದಡ:
ಮೈ ಜುಂ ಅಂದಿತು. ಅನುಮಾನ ಒರೆಸಿದೆ. ನಂಬಿಕೆ 16 ಬರೆದೆ.

ಗೆರೆಹಾಳೆ:
ತುಂಬಾ ಒಳ್ಳೆಯ ನಿರ್ಧಾರ. ಬ್ರಿಟಿಷ್ ಕ್ರೈಸ್ತ ಅಂತ ಇಟ್ಟರೆ ಇನ್ನೊಂದು ಲೆಕ್ಕ ನೋಡಿ. ಶೌರ್ಯ 15, ಉತ್ಸಾಹ 13, ಔದಾರ್ಯ 13, ವಿನಯ 13, ನ್ಯಾಯ 10, ಕರುಣೆ 10. ಒಟ್ಟು 74. ಈ ಆರು ಸೇರಿ 80 ಮುಟ್ಟಿದರೆ ನಿಮ್ಮ ಆವೃತ್ತಿಯಲ್ಲಿ ಅವನು ಶಿವಲ್ರಿ (ನೈಟ್‌ಗಳ ನಡತೆಯ ಆದರ್ಶ) ಪಾಲಿಸುವ ನೈಟ್, ವರ್ಷಕ್ಕೆ 100 ಗ್ಲೋರಿ. 6 ಬಾಕಿ ಇದೆ. ಬಾಕಿ ಇರಲಿ. 485ರಲ್ಲಿ ಆ ಮಾತೇ ಇನ್ನೂ ಸರಿಯಾಗಿ ಹುಟ್ಟಿಲ್ಲ. ನಡೆದು ಗಳಿಸಲಿ.

ಕೌಶಲಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕತ್ತಿ 15. ಪ್ರಥಮ ಚಿಕಿತ್ಸೆ, ಕುದುರೆ ಸವಾರಿ, ಸಭೆಯ ನಡವಳಿಕೆ ಮೂರೂ 10ಕ್ಕೆ ಕಡಿಮೆ ಬೇಡ.

ಎರಡನೇಪಾಳಿ:
ನನ್ನದೊಂದು ಪ್ರಶ್ನೆ, ಸ್ವಲ್ಪ ದಾರಿ ಬಿಟ್ಟು. ನಮ್ಮ ತಂಗಿಗೂ ಆಡುವ ಆಸೆ. ಹೆಣ್ಣು ನೈಟ್ ಆಡಬಹುದಾ? ಮತ್ತೆ 485ರಲ್ಲಿ ಈ ಕುದುರೆ, ಕವಚ, ಈಟಿ ಎಲ್ಲ ಎಲ್ಲಿತ್ತು?

ಹಳೇಕುದುರೆ:
ಧಾರಾಳವಾಗಿ ಆಡಬಹುದು. ಆರನೇ ಆವೃತ್ತಿಯಲ್ಲಂತೂ ಅದಕ್ಕೆ ಯಾವ ತಡೆಯೂ ಇಲ್ಲ. ನಮ್ಮ ಮನೆತನದ ಅತಿ ಹೆಚ್ಚು ಗ್ಲೋರಿ ಅದೇ ತಮ್ಮನ ಮಗಳದ್ದು.

ಕವಚದ ವಿಷಯ: ನಿಜವಾದ ಐದನೇ ಶತಮಾನದಲ್ಲಿ ಕುದುರೆ, ಈಟಿ, ಚೈನ್ ಮೇಲ್ ಇದ್ದವು, ಆದರೆ ಇಂಥ ನೈಟ್‌ಗಳು ಇರಲಿಲ್ಲ. ಆಟ ಇತಿಹಾಸದ ಹಿಂದೆ ಹೋಗುವುದಿಲ್ಲ, ಕಥೆಗಾರರ ಹಿಂದೆ ಹೋಗುತ್ತದೆ. ಆರ್ಥರ್ ಕಥೆಗಳನ್ನು ಬರೆದ 15ನೇ ಶತಮಾನದ ಮ್ಯಾಲರಿ ತನ್ನ ಕಾಲದ ಕವಚವನ್ನೇ ಆರ್ಥರನಿಗೆ ತೊಡಿಸಿದ. ಹಾಗಾಗಿ 485ರಲ್ಲಿ ನಾರ್ಮನ್ ಕಾಲದ ಚೈನ್ ಮೇಲ್‌ನಿಂದ ಶುರುವಾಗಿ, ಆ 80 ವರ್ಷದಲ್ಲೇ ತಲೆಯಿಂದ ಕಾಲವರೆಗಿನ ಪ್ಲೇಟ್ ಕವಚಕ್ಕೆ ಬರುತ್ತದೆ. ಅಜ್ಜನ ಕವಚ ಮೊಮ್ಮಗನಿಗೆ ಹಳೆಯ ಸಾಮಾನು. ಕಾಲ ಸರಿದದ್ದು ಕಣ್ಣಿಗೆ ಕಾಣುತ್ತದೆ.

ತುಂಗೆದಡ ಅವರಿಗೆ ಕೊನೆಯ ಸಲಹೆ. ಎಳೆಯ ನೈಟ್‌ಗೆ ಎಲ್ಲ ಗೊತ್ತಿರಬೇಕಾಗಿಲ್ಲ. ಪರ್ಸಿವಲ್ ಕಾಡಿನಲ್ಲಿ ತಾಯಿ ಜೊತೆ ಬೆಳೆದವನು, ಮೊದಲ ಸಲ ನೈಟ್‌ಗಳನ್ನು ಕಂಡಾಗ ದೇವದೂತರು ಅಂದುಕೊಂಡ. ಗ್ಯಾರೆತ್ ಹೆಸರು ಹೇಳದೆ ಅರಮನೆ ಅಡುಗೆಮನೆಯಲ್ಲಿ ಒಂದು ವರ್ಷ ಇದ್ದ. ಮೊದಲ ಸಾಹಸಕ್ಕೆ ಹೊರಟಾಗ ಜೊತೆಗಿದ್ದ ಲಿನೆಟ್ "ನಿನ್ನ ಮೈಯಿಂದ ಅಡುಗೆಮನೆ ವಾಸನೆ ಬರುತ್ತಿದೆ, ದೂರ ಇರು" ಅಂತ ದಾರಿಯುದ್ದಕ್ಕೂ ಬೈದಳು. ಅವನು ಸಹಿಸಿದ. ಎಲಿಡಿರ್‌ಗೂ ಗೊತ್ತಿಲ್ಲದ್ದು ಒಂದೆರಡು ಇರಲಿ.

ತುಂಗೆದಡ:
ಆಡಿದೆವು! ಬರೆಯದೆ ಮಲಗಲು ಆಗುತ್ತಿಲ್ಲ.

ಅಕ್ಕ ನೈಟ್ ಮಾಡುವ ವಿಧಿಯಿಂದಲೇ ಶುರು ಮಾಡಿದಳು. ಎಲಿಡಿರ್ ಕೈ ಜೋಡಿಸಿದಾಗ ನಾನೂ ಜೋಡಿಸಿದೆ, ಅವಳು ಮೇಜಿನಾಚೆಯಿಂದ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಅರ್ಲ್ ನಮ್ಮನ್ನು ಪೂರ್ವದ ಗಡಿ ಕಡೆ ಒಂದು ಸುದ್ದಿ ತರಲು ಕಳಿಸಿದ. ದಾರಿಯಲ್ಲಿ ಮಳೆ. ಜೊತೆಯವನ ಕುದುರೆ ಕುಂಟುತ್ತಿತ್ತು. ಕತ್ತಲಾಗುವ ಹೊತ್ತಿಗೆ ದೂರದಲ್ಲಿ ಒಂದು ಉದ್ದನೆಯ ಮನೆ, ಒಳಗೆ ಬೆಂಕಿ.

ಬಾಗಿಲು ತೆರೆದವನು ಸ್ಯಾಕ್ಸನ್. ಬಿಳಿ ಗಡ್ಡದ ಮುದುಕ. ಒಳಗೆ ಬನ್ನಿ, ಆದರೆ ನನ್ನ ಮನೆಯಲ್ಲಿ ಯಾರೂ ಕಬ್ಬಿಣ ಕಟ್ಟಿಕೊಂಡು ಊಟಕ್ಕೆ ಕೂರುವುದಿಲ್ಲ ಅಂದ.

ಅಕ್ಕ ನನ್ನ ಕಡೆ ನೋಡಿದಳು. "ದ್ವೇಷ 13. ನಂಬಿಕೆ 16. ಎರಡೂ ಹಾಕು."

ದ್ವೇಷಕ್ಕೆ 11 ಬಿತ್ತು. ಗೆಲುವೇ. ಕೈ ಕತ್ತಿ ಹಿಡಿಗೆ ಹೋಯಿತು ಅಂತ ಅಕ್ಕ ಹೇಳಿದಳು. ಆಮೇಲೆ ನಂಬಿಕೆಗೆ ಹಾಕಿದೆ. ದಾಳ ಉರುಳಿ ಲೋಟಕ್ಕೆ ತಾಗಿ ನಿಂತಿತು. 16. ಸರಿಯಾಗಿ 16 ಅಂದರೆ ಕ್ರಿಟಿಕಲ್, ಎಲ್ಲಕ್ಕಿಂತ ದೊಡ್ಡ ಗೆಲುವು.

ಮಿಕ್ಕ ಇಬ್ಬರೂ "ಬೇಡ, ಬೇಡ" ಅನ್ನುತ್ತಿದ್ದರು. ಎಲಿಡಿರ್ ಕತ್ತಿ ಬಿಚ್ಚಿ ಬಾಗಿಲ ಪಕ್ಕ ಒರಗಿಸಿದ. ಆಮೇಲೆ, ಇದನ್ನು ಅಕ್ಕ ಕೇಳಿರಲಿಲ್ಲ, ನಾನೇ ಹೇಳಿದೆ: ಬಗ್ಗಿ ಎರಡೂ ಬೂಟು ಕಳಚಿ, ತಲೆಕೆಳಗು ಮಾಡಿ ಮುದುಕನಿಗೆ ತೋರಿಸಿದ.

ಮುದುಕ ಬಹಳ ಹೊತ್ತು ಆ ಬೂಟುಗಳನ್ನೇ ನೋಡುತ್ತಾ ನಿಂತ. ಆಮೇಲೆ ನಮ್ಮ ಹಿಂದೆ ಬಾಗಿಲು ಹಾಕಿಕೊಂಡ. ಅಲ್ಲಿಗೆ ಅಕ್ಕ ಪುಸ್ತಕ ಮುಚ್ಚಿದಳು. ಮುಂದಿನ ಭಾನುವಾರ ಒಂಬತ್ತಕ್ಕೆ ಮತ್ತೆ ಕೂರುತ್ತೇವೆ. ನಾವು ಒಳಗಿದ್ದೇವೆ, ಕತ್ತಿ ಬಾಗಿಲ ಹತ್ತಿರ ಇದೆ.